ಸಪೋರ್ಟ್ ವಿಭಾಗ ಮುಚ್ಚಿ ವಾರಕ್ಕೊಂದು ರಿಲೀಸ್: ಶಿರಸಿಯ ನಮ್ಮ ಅನುಭವ

ಮೂರು ತಿಂಗಳಿಗೊಂದು ರಿಲೀಸ್ (ಸಾಫ್ಟ್‌ವೇರಿನ ಹೊಸ ಆವೃತ್ತಿ) ಹೊರಡಿಸಲು ಏದುಸಿರು ಬಿಡುತ್ತಿದ್ದ ನಮ್ಮ ಟೀಮು ಈಗ ವಾರಕ್ಕೊಂದು ರಿಲೀಸ್ ಮಾಡುತ್ತದೆ, ಒಮ್ಮೊಮ್ಮೆ ಎರಡು. ಈ ಬದಲಾವಣೆಗೆಂದು ಜನ ಹೆಚ್ಚಾಗಿಲ್ಲ, ಇಬ್ಬರು ಕಡಿಮೆಯೇ ಆಗಿದ್ದಾರೆ. "ಇದೆಲ್ಲ ನಡೆಯೋ ಮಾತಲ್ಲ" ಎಂದವರಲ್ಲಿ ನಮ್ಮ ಸಿಎ ಒಬ್ಬರು, ಬೆಂಗಳೂರಿನಲ್ಲಿ ಸಿಎಂಎಂಐ ಲೆವೆಲ್ 5 (ಕೆಲಸದ ಶಿಸ್ತಿಗೆ ಸಿಗುವ ಅತಿ ಮೇಲಿನ ದರ್ಜೆ) ಕಂಪನಿಯಲ್ಲಿದ್ದಾಗಿನ ನನ್ನ ಮ್ಯಾನೇಜರ್ ಇನ್ನೊಬ್ಬರು, ನಮ್ಮ ಡೆವಲಪರ್‌ಗಳಲ್ಲೇ ಅರ್ಧ ಜನ. ಸಂಘಗಳ ವರ್ಷದ ಲೆಕ್ಕ ಮುಗಿಯುವ ಎರಡು ಮಾರ್ಚ್ 31ಗಳನ್ನು ದಾಟಿಯೂ ವ್ಯವಸ್ಥೆ ನಿಂತಿದೆ. ಸಹಕಾರಿ ಸಂಘಗಳಿಗೆ ಸಾಫ್ಟ್‌ವೇರ್ ಕೊಡುವವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ನಮ್ಮದು ಯಲ್ಲಾಪುರ ನಾಕೆಯ ಹತ್ತಿರದ ಸಣ್ಣ ಆಫೀಸು. ಗಿರಾಕಿಗಳು ಮೂರು ಬಗೆ: ಘಟ್ಟದ ಮೇಲೆ ಅಡಿಕೆ ದಲಾಲರು ಮತ್ತು ವಖಾರಿಯವರು, ಹಳ್ಳಿಹಳ್ಳಿಯ ಸೇವಾ ಸಹಕಾರಿ ಸಂಘಗಳು, ಘಟ್ಟದ ಕೆಳಗೆ ಐಸ್ ಪ್ಲಾಂಟು ಮತ್ತು ಮೀನು ಏಜೆಂಟರು. ಎಲ್ಲ ಸೇರಿ ನೂರೆಂಬತ್ತರ ಆಸುಪಾಸು. ಡೆವಲಪರ್, ಟೆಸ್ಟರ್‌ಗಳು ಶಿರಸಿಯಲ್ಲಿ, ಗಿರಾಕಿಗಳ ತೊಂದರೆ ನೋಡಿಕೊಳ್ಳುವ ಸಪೋರ್ಟ್ ಕುಮಟಾದಲ್ಲಿ. ಕುಮಟಾ ಯಾಕೆಂದರೆ ಅಲ್ಲಿಂದ ಕಾರವಾರಕ್ಕೂ ಹೊನ್ನಾವರಕ್ಕೂ ಹುಡುಗರು ಬೈಕಿನಲ್ಲೇ ಹೋಗಿಬರಬಹುದಿತ್ತು. ಕಾಗದದ ಮೇಲೆ ಚೆಂದದ ಲೆಕ್ಕ.

ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೋ ಅದರ ಅಚ್ಚೇ ಆ ಸಂಸ್ಥೆ ಕಟ್ಟುವ ಸಿಸ್ಟಮ್ಮಿನ ಮೇಲೂ ಬೀಳುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲೇ ಬರೆದದ್ದು ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು, ಅದು ದೊಡ್ಡ ಕಂಪನಿಗಳ ಕಾಯಿಲೆ ಎಂದುಕೊಂಡಿದ್ದೆ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ ರಸ್ತೆ ಕೆಲಸ ಶುರುವಾದ ಮೇಲೆ, ಅದರಲ್ಲೂ ಮಳೆಗಾಲದಲ್ಲಿ, ಕುಮಟಾದವರೂ ಶಿರಸಿಯವರೂ ಮುಖ ನೋಡಿಕೊಳ್ಳುವುದೇ ಅಪರೂಪವಾಯಿತು. ಇದ್ದದ್ದು ಒಂದು ವಾಟ್ಸಾಪ್ ಗ್ರೂಪು. ಶಿರಸಿಯ ರಿಲೀಸ್ ಬರಲು ತಿಂಗಳುಗಟ್ಟಲೆ, ಗಿರಾಕಿ ಮಾತ್ರ ಫೋನಿನಲ್ಲಿ ಈಗಲೇ ಸರಿಮಾಡಿ ಎನ್ನುತ್ತಾನೆ. ಕುಮಟಾದ ಹುಡುಗರು ಬುದ್ಧಿವಂತರು, ಡೇಟಾಬೇಸಿಗೇ ನೇರ ಕೈಹಾಕುವ ಎಸ್‌ಕ್ಯೂಎಲ್ ಸ್ಕ್ರಿಪ್ಟುಗಳನ್ನು ಬರೆದುಕೊಂಡರು. ಕೊನೆಗೆ ಎಣಿಸಿದಾಗ ನೂರಕ್ಕೂ ಮೇಲಿದ್ದವು. ಅಂದರೆ ನಮ್ಮದು ಒಂದು ಸಾಫ್ಟ್‌ವೇರ್ ಅಲ್ಲ, ಎರಡು. ಒಂದು ಶಿರಸಿಯದ್ದು, ಇನ್ನೊಂದು ಕುಮಟಾದವರ ಲ್ಯಾಪ್‌ಟಾಪಿನದ್ದು.

ಹಣ ಕೈಬಿಟ್ಟದ್ದು ಚೀಲದ ತೂಕದಲ್ಲಿ. ಒಬ್ಬ ದಲಾಲರು ಖಾಲಿ ಚೀಲದ ತೂಕ ತಾನಾಗಿಯೇ ಕಳೆಯಬೇಕೆಂದು ಕೇಳಿದ್ದರು. ಕುಮಟಾದ ಹುಡುಗ ಅದನ್ನು ಪಟ್ಟಿ (ರೈತನಿಗೆ ಕೊಡುವ ಮಾರಾಟದ ಬಿಲ್ಲು) ಮಾಡುವ ಹಂತದಲ್ಲಿ ಕಳೆಯುವ ಸ್ಕ್ರಿಪ್ಟ್ ಹಾಕಿಕೊಟ್ಟ. ನಾಲ್ಕು ತಿಂಗಳ ನಂತರ ಅದೇ ಬೇಡಿಕೆ ಶಿರಸಿಯ ಕೆಲಸಗಳ ಪಟ್ಟಿಯಲ್ಲಿ ಮೇಲೆ ಬಂದು, ಇಲ್ಲಿಯ ಹುಡುಗಿ ತೂಕದ ಸ್ಕ್ರೀನಿನಲ್ಲೇ ಕಳೆಯುವಂತೆ ಮಾಡಿದಳು. ಟೆಸ್ಟರ್ ನೋಡಿದ, ಸರಿ ಇತ್ತು. ಆ ಸ್ಕ್ರಿಪ್ಟ್ ಟೆಸ್ಟ್ ಡೇಟಾಬೇಸಿನಲ್ಲಿ ಇರಲೇ ಇಲ್ಲವಲ್ಲ! ಸೀಸನ್ ಜೋರಾದಾಗ ಚೀಲದ ತೂಕ ಎರಡೆರಡು ಸಲ ಕಳೆದುಹೋಗುತ್ತಿತ್ತು. ಹಿಡಿದದ್ದು ನಾವಲ್ಲ, ಸಿದ್ದಾಪುರ ಕಡೆಯ ಒಬ್ಬ ವಯಸ್ಸಾದ ಕೃಷಿಕರು. ಇಪ್ಪತ್ತು ಚೀಲ ರಾಶಿ ಅಡಿಕೆ ತಂದವರು ಪಟ್ಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಕೂಡಿ ಕಳೆದು, ಹದಿನೆಂಟೋ ಇಪ್ಪತ್ತೋ ಕೆಜಿ ಎಲ್ಲಿ ಹೋಯಿತು ಎಂದು ಕೇಳಿದರು. ಕ್ವಿಂಟಲಿಗೆ ನಲವತ್ತೈದು ಸಾವಿರದ ಹತ್ತಿರ ದರವಿದ್ದ ದಿನಗಳು, ನೀವೇ ಗುಣಿಸಿಕೊಳ್ಳಿ. ದಲಾಲರು ಎಲ್ಲ ರೈತರಿಗೂ ವಾಪಸು ಕೊಟ್ಟು ಅಷ್ಟನ್ನೂ ನಮ್ಮ ಎಎಂಸಿಯಲ್ಲಿ (ವರ್ಷದ ನಿರ್ವಹಣಾ ಶುಲ್ಕದಲ್ಲಿ) ಮುರಿದುಕೊಂಡರು. ಒಂದು ಲಕ್ಷದ ಮೇಲೆ ಚಿಲ್ಲರೆ.

ಇಷ್ಟರೊಳಗೆ ಸುಧಾರಣೆ ಎಂಬ ಹೆಸರಿನಲ್ಲಿ ಸಾಕಷ್ಟು ದುಡ್ಡು ಸುಟ್ಟಾಗಿತ್ತು. ಸ್ಕ್ರಮ್ (ಸಣ್ಣ ಸಣ್ಣ ಅವಧಿಗೆ ಕೆಲಸ ಹಂಚಿಕೊಂಡು ಮುಗಿಸುವ ಪದ್ಧತಿ) ತರಬೇತಿ ಕೊಡುವವರನ್ನು ಬೆಂಗಳೂರಿನಿಂದ ಕರೆಸಿ, ಊಟ-ವಸತಿ ಸೇರಿ ಎಪ್ಪತ್ತು ಸಾವಿರ. ಸ್ಪ್ರಿಂಟು ಎಂಬ ಎರಡು ವಾರದ ಕಂತು, ಗೋಡೆ ತುಂಬ ಹಳದಿ ಚೀಟಿ, ದಿನಾ ಬೆಳಗ್ಗೆ ನಿಂತು ಮಾತು. ಎರಡನೇ ದಿನಕ್ಕೇ ಯಾವುದೋ ಸಂಘದಿಂದ ಬೆಳೆಸಾಲದ ಬಡ್ಡಿ ತಪ್ಪಾಗಿದೆ ಎಂಬ ಫೋನು, ಸ್ಪ್ರಿಂಟು ಅಲ್ಲಿಗೆ ಮುಗಿಯಿತು. ಸ್ಕ್ರಮ್ಮನ್ನು ಬೈಯುತ್ತಿಲ್ಲ. ಯೋಜನೆ ಶಿರಸಿಯಲ್ಲಿ, ಬೆಂಕಿ ಕುಮಟಾದಲ್ಲಿ ಇದ್ದರೆ ಯಾವ ಪದ್ಧತಿ ತಂದರೂ ಅಷ್ಟೇ. ಆಮೇಲೆ ತಲೆಗಿಷ್ಟು ಎಂದು ಡಾಲರಿನಲ್ಲಿ ಬಾಡಿಗೆ ಕೇಳುವ ಟಿಕೆಟ್ (ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ) ಟೂಲ್ ತಂದೆವು. ಅದರಲ್ಲಿ ಟಿಕೆಟ್ ಹನ್ನೊಂದು ಹಂತ ದಾಟಬೇಕಿತ್ತು, ಕೆಲಸ ಮಾತ್ರ ಇದ್ದಲ್ಲೇ ಇತ್ತು.

ಒಂದು ತಮಾಷೆಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಮುಗಿಸಿದ ಟಿಕೆಟಿಗೆ ಐವತ್ತು ರೂಪಾಯಿ ಇನಾಮು ಇಟ್ಟೆ. ಆ ತಿಂಗಳು ಟಿಕೆಟುಗಳ ಬೆಳೆ ಹುಲುಸಾಗಿ ಬಂತು! ಒಂದು ರಿಪೋರ್ಟಿನಲ್ಲಿ ನಾಲ್ಕು ಅಕ್ಷರ ತಪ್ಪಿದ್ದರೆ ನಾಲ್ಕು ಟಿಕೆಟು. ಇನಾಮಿಗೆ ಹದಿನೇಳು ಸಾವಿರದಷ್ಟು ಹೋಯಿತು, ರಿಲೀಸ್ ಒಂದು ದಿನವೂ ಮುಂಚೆ ಬರಲಿಲ್ಲ. ಮುಂದಿನ ತಿಂಗಳೇ ನಿಲ್ಲಿಸಿದೆ, ಹುಡುಗರು ಈಗಲೂ ಆಡಿಕೊಳ್ಳುತ್ತಾರೆ.

2023ರ ಜುಲೈ ನಮ್ಮನ್ನು ಹಿಂಡಿಹಾಕಿತು. ರಾಜ್ಯ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಕೃಷಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆಗಸ್ಟ್ 1ರಿಂದ 5 ಕೋಟಿ ಮೀರಿದ ವಹಿವಾಟಿನವರಿಗೆಲ್ಲ ಇ-ಇನ್ವಾಯ್ಸ್ (ಜಿಎಸ್‌ಟಿಯ ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್ಲು) ಕಡ್ಡಾಯ. ಅಡಿಕೆ ವ್ಯಾಪಾರದಲ್ಲಿ 5 ಕೋಟಿ ದಾಟುವುದು ದೊಡ್ಡ ಮಾತಲ್ಲ, ಗಿರಾಕಿಗಳಲ್ಲಿ ಬಹಳ ಜನ ಅದರೊಳಗೆ ಬಂದರು. ನಮ್ಮ ಕೋಡಿನಲ್ಲಿ 3,00,000 ಎಂಬ ಅಂಕಿ ಹತ್ತಾರು ಕಡೆ ನೇರವಾಗಿ ಬರೆದಿತ್ತು, ಕುಮಟಾದ ಸ್ಕ್ರಿಪ್ಟುಗಳಲ್ಲಿ ಇನ್ನಷ್ಟು. ಸಿಎ ಸಲಹೆಯಂತೆ ಹೊಸ ಹುಡುಗರು ಮೂವರನ್ನು ತೆಗೆದುಕೊಂಡೆವು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಹಿಂದೆ ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿಟ್ಟಿದ್ದರು. ಅದು ನಮ್ಮ ಆಫೀಸಿನಲ್ಲಿ ಅಕ್ಷರಶಃ ನಡೆಯಿತು. ಹಳಬರು ಕಲಿಸುತ್ತಾ ಕೂತರು, ಹೊಸಬರು ಕೇಳುತ್ತಾ ಕೂತರು, ತಿಂಗಳಿಗೆ ಅರವತ್ತು ಸಾವಿರ ಸಂಬಳ ಹೆಚ್ಚಾಯಿತು. ಆರು ಗಿರಾಕಿಗಳು ಹುಬ್ಬಳ್ಳಿಯ ಬೇರೆ ಸಾಫ್ಟ್‌ವೇರಿಗೆ ಹೋದರು.

ಆಗ ಕೂತು ಹಾಕಿದ ಲೆಕ್ಕ ಇದು. ಅರ್ಧಂಬರ್ಧ ಆದ ಕೆಲಸಗಳು ನಲವತ್ತರ ಹತ್ತಿರ, ವಾರಕ್ಕೆ ನಿಜವಾಗಿ ಮುಗಿಯುತ್ತಿದ್ದದ್ದು ನಾಲ್ಕು. ಜಾನ್ ಲಿಟಲ್ ಎಂಬ ಸಂಶೋಧಕರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮ (ಕೈಯಲ್ಲಿರುವ ಕೆಲಸವನ್ನು ವಾರಕ್ಕೆ ಮುಗಿಯುವ ಕೆಲಸದಿಂದ ಭಾಗಿಸುವುದು) ಹಾಕಿದರೆ, ಇವತ್ತು ಕೈಗೆತ್ತಿಕೊಂಡದ್ದು ಮುಗಿಯಲು ಸರಾಸರಿ ಹತ್ತು ವಾರ. ಹುಡುಗರು ಎಷ್ಟು ಹೊತ್ತು ದುಡಿದರೂ ಈ ಹತ್ತು ವಾರ ಕರಗುವುದಿಲ್ಲ, ಕೈಯಲ್ಲಿರುವ ಕೆಲಸ ಕಡಿಮೆಯಾಗಬೇಕು. ಕಡಿಮೆ ಮಾಡೋಣವೆಂದರೆ ಯಾರೂ ಒಪ್ಪುವುದಿಲ್ಲ. ಡೆವಲಪರಿಗೆ ಅದು ಟೆಸ್ಟರಿನ ಬಳಿ ಇದೆ, ಟೆಸ್ಟರಿಗೆ ಅದು ಕುಮಟಾದ ಉತ್ತರಕ್ಕೆ ಕಾಯುತ್ತಿದೆ. ಪ್ರತಿಯೊಬ್ಬನ ಮೇಜೂ ಖಾಲಿ, ಕೆಲಸವೆಲ್ಲ ಮೇಜುಗಳ ನಡುವೆ.

ಆದ್ದರಿಂದ ಮೇಜುಗಳನ್ನೇ ಕಿತ್ತೆವು. ಸಪೋರ್ಟ್ ವಿಭಾಗ ಇಲ್ಲ, ಟೆಸ್ಟಿಂಗ್ ವಿಭಾಗವೂ ಇಲ್ಲ. ಅಡಿಕೆ, ಸಂಘ, ಕರಾವಳಿ ಎಂದು ಮೂರು ಗುಂಪು. ಒಂದೊಂದರಲ್ಲಿ ಕೋಡ್ ಬರೆಯುವವರು ಇಬ್ಬರು, ಹಿಂದೆ ಸಪೋರ್ಟಿನಲ್ಲೋ ಟೆಸ್ಟಿಂಗಿನಲ್ಲೋ ಇದ್ದವರು ಒಬ್ಬರು. ಆ ಗಿರಾಕಿಗಳ ಫೋನು ಅವರೇ ಎತ್ತಬೇಕು, ಅವರೇ ಬರೆಯಬೇಕು, ಅವರೇ ಪರೀಕ್ಷಿಸಿ ಅವರೇ ಕಳಿಸಬೇಕು. ಒಂದು ಗುಂಪಿನ ಕೈಯಲ್ಲಿ ಒಂದು ಹೊತ್ತಿಗೆ ಎರಡೇ ಕೆಲಸ. ಮೂರನೆಯದು ಬೇಕೆಂದರೆ ಒಂದನ್ನು ಮುಗಿಸಬೇಕು, ಇಲ್ಲವೇ ಗಿರಾಕಿಗೆ ಆಗುವುದಿಲ್ಲ ಎಂದು ಅವರೇ ಫೋನು ಮಾಡಬೇಕು. ಈ ಕೊನೆಯ ಷರತ್ತು ಬಹಳ ಕೆಲಸ ಮಾಡಿತು. ಆಗುವುದಿಲ್ಲ ಎಂದು ಹೇಳುವ ಕಷ್ಟಕ್ಕಿಂತ ಮುಗಿಸುವುದೇ ಸುಲಭ ಅನಿಸತೊಡಗಿತು.

ಗಲಾಟೆ ಆಗದೇ ಇರಲಿಲ್ಲ. "ಫೋನ್ ಎತ್ತೋಕೆ ಇಂಜಿನಿಯರಿಂಗ್ ಓದಬೇಕಿತ್ತಾ?" ಎಂದು ಒಬ್ಬ ನೇರವಾಗಿ ಕೇಳಿದ, ಇಬ್ಬರು ಬಿಟ್ಟೇ ಹೋದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹಳೆಯ ಮ್ಯಾನೇಜರ್ ಫೋನಿನಲ್ಲಿ, ಬರೆದವನೇ ಪರೀಕ್ಷೆ ಮಾಡಿದರೆ ಆಡಿಟ್ ಹೇಗಯ್ಯಾ ಎಂದರು. ಬರೆದವನು ತನ್ನದನ್ನು ತಾನು ನೋಡುವುದಿಲ್ಲ, ಗುಂಪಿನ ಇನ್ನೊಬ್ಬ ನೋಡುತ್ತಾನೆ, ಜೊತೆಗೆ ಆಟೊಮೇಟೆಡ್ ಟೆಸ್ಟ್ ಇದೆ, ಗಿಟ್‌ನಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆಯೂ ಇದೆ. ಅವರಿಗೆ ಈಗಲೂ ಸಮಾಧಾನವಿಲ್ಲ, ಇರಲಿ.

ಮೊದಲ ಎರಡು ತಿಂಗಳು ಕೋಡ್ ಬರೆಯುವುದು ಅರ್ಧಕ್ಕಿಳಿಯಿತು. ದಿನಕ್ಕೆ ಅರವತ್ತು-ಎಪ್ಪತ್ತು ಕರೆ, ಎತ್ತುವವನೇ ಬರೆಯುವವನು. ಆದರೆ ಒಂದೇ ಪ್ರಶ್ನೆಗೆ ದಿನಕ್ಕೆ ಎಂಟು ಸಲ ಉತ್ತರ ಕೊಟ್ಟವನು ಒಂಬತ್ತನೆಯ ಸಲಕ್ಕೆ ಸ್ಕ್ರೀನನ್ನೇ ಬದಲಾಯಿಸುತ್ತಾನೆ. ಯಾವ ಸಭೆಯೂ ಬೇಕಾಗಲಿಲ್ಲ. ಐದಾರು ತಿಂಗಳಲ್ಲಿ ಕರೆಗಳು ಇಪ್ಪತ್ತರ ಒಳಗೆ ಬಂದವು. ಕುಮಟಾದ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಮುಖ್ಯ ಕೋಡಿಗೆ ಸೇರಿಸಿದವರು ಅವನ್ನು ಬರೆದ ಹುಡುಗರೇ. ಅವರಲ್ಲೊಬ್ಬ ಈಗ ಕರಾವಳಿ ಗುಂಪಿನ ಒಳ್ಳೆಯ ಡೆವಲಪರ್, ಬಿಕಾಂ ಓದಿದವನು.

ರಿಲೀಸ್ ಬುಧವಾರ ಬೆಳಗ್ಗೆ ಹತ್ತೂವರೆಗೆ. ರಾತ್ರಿ ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಆಷಾಢದ ಗಾಳಿಗೆ ಇಲ್ಲಿ ರಾತ್ರಿ ಕರೆಂಟ್ ಹೋದರೆ ಬೆಳಗಿನವರೆಗೆ ಭರವಸೆಯಿಲ್ಲ. ಹಗಲಾದರೆ ಗಿರಾಕಿಯೂ ಎಚ್ಚರ, ನಾವೂ ಎಚ್ಚರ, ತಪ್ಪಿದ್ದರೆ ಊಟದೊಳಗೆ ಹಿಂದಕ್ಕೆ ಬರಬಹುದು. ಮೊದಲು ಮೂರೇ ಗಿರಾಕಿಗಳಿಗೆ ಕೊಟ್ಟು, ಮರುದಿನ ಉಳಿದವರಿಗೆ. ಆ ಮೂವರನ್ನು ಹೇಗೆ ಆರಿಸುತ್ತೇವೆ ಎನ್ನುವುದು ಅಂಗಡಿಯ ಗುಟ್ಟು, ಹೇಳುವುದಿಲ್ಲ. ದೊಡ್ಡವರೂ ಅಲ್ಲ, ಸ್ನೇಹಿತರೂ ಅಲ್ಲ ಎಂಬಷ್ಟು ಸುಳಿವು ಸಾಕು.

ದೊಡ್ಡ ಬದಲಾವಣೆಗಳನ್ನು ಊರಿನ ಋತುವಿಗೆ ಕಟ್ಟಿದೆವು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಏಜೆಂಟರಿಗೆ ಬಿಡುವು. ಕರಾವಳಿ ಗುಂಪು ಒಳಗಿನದ್ದೆಲ್ಲ ಒಡೆದು ಕಟ್ಟುವುದು ಆ ಎರಡು ತಿಂಗಳಲ್ಲಿ. ಸಂಘಗಳಿಗೆ ಮಾರ್ಚ್ ಪೂರ್ತಿ ಹೊಸದೇನೂ ಇಲ್ಲ, ತಪ್ಪು ತಿದ್ದುವುದು ಮಾತ್ರ. ಅಡಿಕೆಯವರಿಗೆ ಕೊಯ್ಲಿನ ತಿಂಗಳುಗಳಲ್ಲಿ ತೂಕದ ಸ್ಕ್ರೀನ್ ಮುಟ್ಟುವಂತಿಲ್ಲ. ಇಡೀ ಕಂಪನಿಗೆ ಒಂದೇ ರಿಲೀಸ್ ಇದ್ದಾಗ ಇದು ಸಾಧ್ಯವೇ ಇರಲಿಲ್ಲ. ಒಬ್ಬರ ಬಿಡುವು ಇನ್ನೊಬ್ಬರ ಸೀಸನ್.

ನಡುವೆ ಒಂದು ಅಡ್ಡ ಪ್ರಯೋಗ. ಸಂಘಗಳ ಹಳೆಯ ಸದಸ್ಯರ ಪಟ್ಟಿಗಳು ನುಡಿ ಫಾಂಟಿನ ಹಳೆಯ ಸಂಕೇತದಲ್ಲಿದ್ದವು, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಸಂಕೇತಕ್ಕೆ ತರಬೇಕಿತ್ತು. ಸಿಕ್ಕ ಕನ್ವರ್ಟರಿಗೆ ಹಾಕಿದರೆ ಗೋಕರ್ಣವೆಲ್ಲ "ಗೋಕಣರ್" ಆಗಿ ಬಂತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು. ಸಂಘ ಗುಂಪಿನವರು ತಾವೇ ಕನ್ವರ್ಟರ್ ಬರೆದರು. ಎರಡು ವಾರವೆಂದದ್ದು ಆರು ವಾರ ಹಿಡಿಯಿತು, ನಾನು ಗೊಣಗಿದೆ. ಆದರೆ ಅದನ್ನು ತೋರಿಸಿಯೇ ಯಲ್ಲಾಪುರ, ಮುಂಡಗೋಡ ಕಡೆಯ ಒಂಬತ್ತು ಹತ್ತು ಹೊಸ ಸಂಘಗಳನ್ನು ಹಿಡಿದೆವು. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದಾಗ ಏನು ಮಾಡಿದೆವು ಎಂಬುದನ್ನು ಇಲ್ಲಿ ಬಿಡಿಸುವುದಿಲ್ಲ, ಅದರಿಂದಲೇ ನಮಗೆ ಅನ್ನ.

ಲೆಕ್ಕ ಹೇಳಿ ಮುಗಿಸುತ್ತೇನೆ, ಎಲ್ಲವೂ ನೆನಪಿನಿಂದ. ಕುಮಟಾ ಆಫೀಸು ಮುಚ್ಚಿದ್ದರಿಂದ ಅದರ ಬಾಡಿಗೆ, ಕರೆಂಟು, ಇಂಟರ್ನೆಟ್ಟು ಸೇರಿ ತಿಂಗಳಿಗೆ ಹದಿನೆಂಟು ಸಾವಿರ ಉಳಿಯಿತು. ಪೆಟ್ರೋಲು, ಬಸ್ಸಿನ ಖರ್ಚು ಮೂರನೇ ಒಂದಕ್ಕೆ ಇಳಿಯಿತು. ಟಿಕೆಟ್ ಟೂಲ್ ಬಿಟ್ಟೆವು, ಗೋಡೆಯ ಮೇಲೆ ಗುಂಪಿಗೆರಡು ಮೊಳೆ ಹೊಡೆದು ಚೀಟಿ ಸಿಕ್ಕಿಸುತ್ತೇವೆ. ಎಎಂಸಿ ನವೀಕರಣ ಹಿಂದೆ ನೂರಕ್ಕೆ ಎಪ್ಪತ್ತು ಬರುತ್ತಿತ್ತು, ಕಳೆದ ಸಲ ತೊಂಬತ್ತು ದಾಟಿತು, ದರ ಏರಿಸಿದ ಮೇಲೂ. ಬಿಟ್ಟುಹೋದ ಆರರಲ್ಲಿ ನಾಲ್ವರು ಮರಳಿದ್ದಾರೆ. ಅಳತೆಗೆ ನಾನು ನೋಡುವುದು ಎರಡೇ: ಗಿರಾಕಿ ಕೇಳಿದಂದಿನಿಂದ ಅವನ ಕಂಪ್ಯೂಟರಿಗೆ ಹೋಗುವವರೆಗೆ ಎಷ್ಟು ದಿನ, ಮತ್ತು ಹತ್ತು ರಿಲೀಸಿನಲ್ಲಿ ಎಷ್ಟು ಹಿಂದೆ ಪಡೆಯಬೇಕಾಯಿತು. ಮೊದಲನೆಯದು ಈಗ ಎಂಟೊಂಬತ್ತು ದಿನ, ಎರಡನೆಯದು ಒಂದು.

ಕಾನ್‌ವೇ ಹೇಳಿದ್ದರಿಂದ ಈಗಲೂ ಬಿಡುಗಡೆ ಸಿಕ್ಕಿಲ್ಲ, ಅಚ್ಚು ಬೇರೆಯಾಗಿದೆ ಅಷ್ಟೇ. ಮೂರು ಗುಂಪು ಆದಮೇಲೆ ಮೂರು ಬಗೆಯ ಲಾಗಿನ್ ಸ್ಕ್ರೀನ್ ಹುಟ್ಟಿದವು, ರಸೀದಿ ಮುದ್ರಿಸುವ ಕೋಡ್ ಮೂರು ಕಡೆ ಇದೆ. ಒಂದೇ ಮಾಡಬೇಕೆಂದು ಹುಡುಗರಲ್ಲೇ ಇಬ್ಬರು ಹಟ ಹಿಡಿದಿದ್ದಾರೆ. ಲಾಗಿನ್ ಮೂರು ಇರಲಿ ಎಂದು ಬಿಟ್ಟಿದ್ದೇನೆ, ಗಿರಾಕಿಗೆ ಅದರಿಂದ ತೊಂದರೆಯಿಲ್ಲ. ಜಿಎಸ್‌ಟಿ ಮತ್ತು ಇ-ಇನ್ವಾಯ್ಸ್ ಮಾತ್ರ ಒಂದೇ ಕಡೆ ತಂದೆವು, ಅದಕ್ಕೆ ಅಡಿಕೆ ಗುಂಪು ಯಜಮಾನ, ಬೇರೆಯವರು ಬದಲಾಯಿಸಬೇಕೆಂದರೆ ಅವರ ಮೇಜಿಗೆ ಹೋಗಿ ಪಕ್ಕದಲ್ಲಿ ಕೂತು ಬರೆಯಬೇಕು. ರಸೀದಿಯ ವಿಷಯ ಜೂನ್ ಬರಲಿ, ಕರಾವಳಿ ಗುಂಪಿನ ಕೈ ಖಾಲಿಯಾದ ಮೇಲೆ ನೋಡುತ್ತೇವೆ.