ಮ್ಯಾಕ್‌ಗೈವರ್ ಕೈಯಲ್ಲಿರೋ ಚಾಕು ಯಾವುದು ಅಂತ ಗುರುತಿಸೋದು ಹೇಗೆ?

ಜೋಗಿಮಟ್ಟಿ ಚಾರಣಕ್ಕೆ ಅದೇ ಚಾಕು ಬೇಕು ಅಂತ ಸ್ಕ್ರೀನ್‌ಶಾಟ್ ಹಾಕುವ ದುರ್ಗದ ಗೆಳೆಯರೇ, ಮೊದಲು ಇದನ್ನೊಮ್ಮೆ ಓದಿ. 1985ರಿಂದ 1992ರವರೆಗೆ ಬಂದ ‘ಮ್ಯಾಕ್‌ಗೈವರ್’ ಟಿವಿ ಧಾರಾವಾಹಿಯಲ್ಲಿ ನಾಯಕನ ಕೈಯಲ್ಲಿ ಇದ್ದದ್ದು ಒಂದೇ ಚಾಕು ಅಲ್ಲ. ಕೆಂಪು ಹಿಡಿ ನೋಡಿದ ಕೂಡಲೇ ಹೆಸರು ಹೇಳಬೇಡಿ.

ವಿಡಿಯೊವನ್ನು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ನಿಲ್ಲಿಸಿ, ಇ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಸ್ವಿಸ್ ಚಾಕುಗಳಲ್ಲಿ ಎರಡು ಕಂಪನಿಯವು ಇವೆ: ಹಿಡಿಯ ಮೇಲಿನ ಶಿಲುಬೆ ಗುರಾಣಿಯೊಳಗಿದ್ದರೆ ವಿಕ್ಟೋರಿನಾಕ್ಸ್, ಮೂಲೆ ದುಂಡಗಿರೋ ಚೌಕದೊಳಗಿದ್ದರೆ ವೆಂಗರ್. ಬೆಳಕು ಹೊಡೆದು ಲಾಂಛನ ಕಾಣದಿದ್ದರೆ ಡಬ್ಬಿ ಓಪನರ್ ನೋಡಿ. ವಿಕ್ಟೋರಿನಾಕ್ಸ್‌ನದರ ತುದಿಯಲ್ಲಿ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ಇರುತ್ತೆ, ವೆಂಗರ್‌ನದು ಕೊಕ್ಕಿನ ಹಾಗೆ ಬಾಗಿರುತ್ತೆ. ನನ್ನ ಮಟ್ಟಿಗೆ ಲಾಂಛನಕ್ಕಿಂತ ಇದೇ ನಂಬಿಕೆಯ ಗುರುತು.

ಆಮೇಲೆ ಚಾಕುವಿನ ಬೆನ್ನು ನೋಡಿ, ವಿಕ್ಟೋರಿನಾಕ್ಸ್‌ನ ಮಾಡೆಲ್ ಯಾವುದು ಅಂತ ಅದೇ ಹೇಳುತ್ತೆ. ತೆಳು ಚಾಕುವಿಗೆ ಸುರುಳಿ ಕಾರ್ಕ್‌ಸ್ಕ್ರೂ ಇದ್ದರೆ ಸ್ಪಾರ್ಟನ್, ಅದೇ ಜಾಗದಲ್ಲಿ ಫಿಲಿಪ್ಸ್ (ಪ್ಲಸ್ ತುದಿಯ) ಸ್ಕ್ರೂಡ್ರೈವರ್ ಇದ್ದರೆ ಟಿಂಕರ್. ಕಾರ್ಕ್‌ಸ್ಕ್ರೂ ಜೊತೆ ಕತ್ತರಿ, ಗರಗಸ ಎರಡೂ ಇದ್ದರೆ ಹಂಟ್ಸ್‌ಮನ್. ಈ ಮೂರೂ 91 ಮಿ.ಮೀ. ಉದ್ದ. ಮುಷ್ಟಿಯ ಎರಡೂ ಕಡೆ ಚೆನ್ನಾಗಿ ಹೊರಚಾಚಿದ್ದರೆ 111 ಮಿ.ಮೀ. ಇರಬಹುದು. ಬೆನ್ನಿನ ಮೇಲಿರೋ, ಸಾಮಾನು ನೇತುಹಾಕಿ ಹೊರುವ ಕೊಕ್ಕೆ ಬಂದದ್ದು 1991ರಲ್ಲಿ, ಹಳೇ ಕಂತುಗಳಲ್ಲಿ ಹುಡುಕಬೇಡಿ.

ಇಕ್ಕಳದ ಮಲ್ಟಿಟೂಲ್‌ಗೂ ಇಸವಿಯೇ ಆಧಾರ. ಲೆದರ್‌ಮನ್ ಕಂಪನಿಯ 1983ರ ಪಿಎಸ್‌ಟಿ ಮಾಡೆಲ್‌ನಲ್ಲಿ ಹಿಡಿ ಬಿಚ್ಚಿದರೆ ಮಾತ್ರ ಅಲಗು ಸಿಗುತ್ತೆ. ಮುಚ್ಚಿದ ಹಿಡಿಯಿಂದಲೇ ಅಲಗು ತೆಗೆಯೋ ಅದೇ ಕಂಪನಿಯ ವೇವ್ ಬಂದದ್ದು 1998ರಲ್ಲಿ, ಧಾರಾವಾಹಿ ಮುಗಿದ ಮೇಲೆ.

ಇನ್ನೊಂದು, ಕೈ ಮಾತ್ರ ಕಾಣುವ ಕ್ಲೋಸಪ್‌ಗಳನ್ನು ಬೇರೆಯಾಗಿ ಚಿತ್ರೀಕರಿಸೋದುಂಟು, ಆಗ ಚಾಕು ಬದಲಾಗಿರಬಹುದು. ಅದಕ್ಕೇ ಸ್ಕ್ರೀನ್‌ಶಾಟ್ ಜೊತೆ ಕಂತು, ನಿಮಿಷ, ಸೆಕೆಂಡ್ ಬರೆದು ಹಾಕಿ.