ವರ್ಷದ ಫೋಟೋ ರಾಶಿಯಿಂದ ಹನ್ನೆರಡನ್ನ ಆರಿಸೋದು ಹೇಗೆ?

ಡಿಸೆಂಬರ್ ಕೊನೇ ವಾರ ಗ್ಯಾಲರಿ ತೆಗೆದು ಜನವರಿಯಿಂದ ನೋಡ್ತಾ ಬಂದ್ರೆ ಮಾರ್ಚ್ ಮುಟ್ಟೋಷ್ಟರಲ್ಲೇ ಕಣ್ಣು ಸೋತಿರತ್ತೆ, ಆಮೇಲೆ ಚೆನ್ನಾಗಿದೆ ಅನ್ಸಿದ್ದಕ್ಕೆಲ್ಲ ಹಾರ್ಟ್ ಒತ್ಕೊಂಡು ಹೋಗ್ತೀವಿ, ಕೊನೆಗೆ ನಾನೂರು ಫೇವರಿಟ್ ಉಳಿಯತ್ತೆ, ಅಷ್ಟನ್ನ ಯಾರೂ ಕೂತು ನೋಡಲ್ಲ. ಅದಕ್ಕೇ ಮೊದ್ಲು ಸಂಖ್ಯೆ ಫಿಕ್ಸ್ ಮಾಡ್ಕೊಳ್ಳಿ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್, ವರ್ಷಕ್ಕೆ 12 ಗಟ್ಟಿ ಫೋಟೋ ಸಿಕ್ರೆ ಒಳ್ಳೇ ಬೆಳೆ ಬಂದ ಹಾಗೆ ಅಂತಿದ್ರು. ಬದುಕಿಡೀ ಅದೇ ಕೆಲಸ ಮಾಡಿದವರಿಗೆ 12 ಸಾಕಾದ್ರೆ ನಮಗೂ ಸಾಕು.

ಶುರು ಮಾಡೋ ಮುಂಚೆ ಎಲ್ಲಾ ಒಂದೇ ಕಡೆ ಸೇರ್ಲಿ. ಈಗಿನ ಫೋನು, ಮೂಲೇಲಿ ಬಿದ್ದಿರೋ ಹಳೇ ಫೋನು, ಕ್ಯಾಮೆರಾ ಕಾರ್ಡು. ಸ್ಕ್ರೀನ್‌ಶಾಟು, ಬಿಲ್ಲು, ಫಾರ್ವರ್ಡ್ ಬಂದಿದ್ದನ್ನೆಲ್ಲ ಪಕ್ಕಕ್ಕಿಡಿ. ನೀವೇ ತೆಗೆದಿದ್ದು ಬೇರೆಯವರ ಫೋನಲ್ಲಿ ಉಳ್ಕೊಂಡಿದ್ರೆ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳ್ಸೋಕೆ ಹೇಳಿ, ಮಾಮೂಲಿ ಫೋಟೋ ಥರ ಕಳ್ಸಿದ್ರೆ ಸೈಜೂ ಕುಗ್ಗತ್ತೆ, ತೆಗೆದ ದಿನಾಂಕದ ಮಾಹಿತಿನೂ ಹೋಗ್ಬಿಡತ್ತೆ, ಏಪ್ರಿಲ್ ಫೋಟೋ ಬಂದು ಡಿಸೆಂಬರಲ್ಲಿ ಕೂರತ್ತೆ.

ಮೊದಲ ಸುತ್ತು ಜೋರಾಗಿ ಹೋಗ್ಲಿ. ಫೋಟೋಗಳನ್ನ ಚಿಕ್ಕ ಚಿಕ್ಕದಾಗಿ ಸಾಲಾಗಿ ಕಾಣೋ ಹಾಗೆ ಇಟ್ಕೊಳ್ಳಿ, ಝೂಮ್ ಮಾಡ್ಬೇಡಿ, ಏನನ್ನೂ ಡಿಲೀಟ್ ಮಾಡ್ಬೇಡಿ, ಕಣ್ಣು ತಾನಾಗೇ ನಿಂತಿದ್ದಕ್ಕೆ ಮಾತ್ರ ಹಾರ್ಟ್ ಒತ್ತಿ. ಅಂಚೆಚೀಟಿ ಗಾತ್ರದಲ್ಲೂ ಎದ್ದು ಕಾಣೋ ಫೋಟೋದಲ್ಲಿ ಬೆಳಕು ನೆರಳು ಸರಿಯಾಗಿ ಬಿದ್ದಿರತ್ತೆ ಅನ್ನೋದು ನಾನು ಸಾಕಷ್ಟು ಸಲ ನೋಡಿರೋ ವಿಷ್ಯ. ಒಂದು ಸಲಕ್ಕೆ ಎರಡು ತಿಂಗಳು ಸಾಕು, ಉಳಿದಿದ್ದು ನಾಳೆ.

ಎರಡನೇ ಸುತ್ತಲ್ಲಿ ಒಂದೇ ಥರದ್ದು ಕಳೀರಿ. ಒಂದೇ ನಗು ಒಂಬತ್ತು ಸಲ ಕ್ಲಿಕ್ ಆಗಿರತ್ತಲ್ಲ, ಅದ್ರಲ್ಲಿ ಒಂದು. ಇಲ್ಲಿ ಝೂಮ್ ಮಾಡಿ, ಕಣ್ಣು ನೋಡಿ, ಕೈ ಬೆರಳು ನೋಡಿ, ನಾಕೂ ಅಂಚು ನೋಡಿ, ಅರ್ಧ ಕತ್ತರಿಸಿದ ಯಾರದೋ ಮೊಣಕೈ ಇದ್ರೆ ಕ್ರಾಪ್ ಆಗತ್ತಾ ನೋಡಿ. ಸ್ವಲ್ಪ ಅಲುಗಾಡಿದೆ ಅಂತ ಬಿಸಾಕ್ಬೇಡಿ, ಓಡ್ತಿರೋ ಮಗು ಅಲುಗಾಡದೆ ಇನ್ನೇನು ಮಾಡತ್ತೆ.

ಈಗ ಕಷ್ಟದ್ದು. ಆ ದಿನ ಚೆನ್ನಾಗಿತ್ತು ಅಂತ ಇಷ್ಟವೋ, ಫೋಟೋನೇ ಚೆನ್ನಾಗಿದೆ ಅಂತ ಇಷ್ಟವೋ? ಹೋದ ವರ್ಷ ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದು, ಚಳೀಲಿ ಬೆಟ್ಟ ಹತ್ತಿ ತೆಗೆದ ಸೂರ್ಯೋದಯ ಒಂದಿತ್ತು, ಅದನ್ನ ಬಿಡೋಕೆ ಮನಸೇ ಬರ್ಲಿಲ್ಲ. ಆದ್ರೆ ಸರಿಯಾಗಿ ನೋಡಿದ್ರೆ ಕಿತ್ತಳೆ ಬಣ್ಣ, ಕೆಳಗೆ ಕಪ್ಪು ಗೆರೆ, ಅಷ್ಟೇ. ಚಳಿ, ಏದುಸಿರು, ಜೊತೆಗಿದ್ದ ಗೆಳೆಯರ ಮಾತು ಎಲ್ಲಾ ನನ್ನ ತಲೇಲಿತ್ತು, ಫೋಟೋದಲ್ಲಿ ಇರ್ಲಿಲ್ಲ. ಅದೇ ತಿಂಗಳು ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಕೊಳ್ತಿದ್ದಾಗ ಸುಮ್ನೆ ಒಂದು ಕ್ಲಿಕ್ ಮಾಡಿದ್ದೆ, ಮರ್ತೇ ಹೋಗಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿದೆ, ಲೇಸಿನ ತುದಿ ಪ್ಲಾಸ್ಟಿಕ್ ಕಿತ್ತು ದಾರ ಬಿಟ್ಕೊಂಡಿದೆ, ಅದನ್ನ ತೂತಿಗೆ ತೂರಿಸೋಕೆ ಎರಡು ಬೆರಳಲ್ಲಿ ಹುರಿ ಮಾಡ್ತಿದಾರೆ. ಆ ದಿನ ಏನೂ ವಿಶೇಷ ಇರ್ಲಿಲ್ಲ, ಫೋಟೋದಲ್ಲಿ ಮಾತ್ರ ಎಲ್ಲಾ ಇದೆ.

ಈ ನೆನಪಿನ ಮೋಹ ದೊಡ್ಡವರನ್ನೂ ಬಿಟ್ಟಿಲ್ಲ. ಗ್ಯಾರಿ ವಿನೋಗ್ರಾಂಡ್ ಅಂತ ನ್ಯೂಯಾರ್ಕ್ ಬೀದಿಗಳ ಫೋಟೋ ತೆಗೀತಿದ್ದವರು, ತೆಗೆದ ಫಿಲ್ಮ್ ರೋಲನ್ನ ಬೇಕಂತಲೇ ವರ್ಷಗಟ್ಟಲೆ ತೊಳೀದೆ (ಡೆವಲಪ್ ಮಾಡದೆ) ಇಡ್ತಿದ್ರು, ಆ ದಿನದ ಖುಷಿ ಆರಿದ ಮೇಲೇ ಫೋಟೋನ ಫೋಟೋ ಆಗಿ ನೋಡೋಕಾಗೋದು ಅಂತ. ಹಾಗಾಗಿ ಡಿಸೆಂಬರಲ್ಲೇ ತೆಗೆದದ್ದರ ಬಗ್ಗೆ ಹುಷಾರು, ಬಿಸಿ ಆರಿರಲ್ಲ, ಆಗೋದಾದ್ರೆ ಕೊನೇ ತೀರ್ಮಾನ ಜನವರಿಗೆ ತಳ್ಳಿ. ಬೆಟ್ಟದ ಫೋಟೋ ಥರದ್ದನ್ನ ಎಸೀಬೇಡಿ, 'ನೆನಪು' ಅಂತ ಬೇರೆ ಆಲ್ಬಮ್ ಮಾಡಿ. ಅದೂ ಬೇಕು, ಆದ್ರೆ ಈ 12ರಲ್ಲಿ ಬೇಡ.

ಮೂವತ್ತಕ್ಕೆ ಇಳಿದ ಮೇಲೆ ಸ್ಕ್ರೀನ್ ಬಿಡಿ, 4×6 ಇಂಚಲ್ಲಿ ಪ್ರಿಂಟ್ ಹಾಕ್ಸಿ (1200×1800 ಪಿಕ್ಸೆಲ್ ಇದ್ರೆ ನೀಟಾಗಿ ಬರತ್ತೆ), ನೆಲದ ಮೇಲೆ ಹರಡಿ. ಆ ದಿನ ನಿಮ್ಮ ಜೊತೆ ಇಲ್ದೇ ಇದ್ದವರೊಬ್ಬರನ್ನ ಕರೆದು ಏನೂ ಹೇಳ್ದೆ ತೋರ್ಸಿ, ಅವರ ಕೈ ಯಾವುದನ್ನ ಎತ್ಕೊಳ್ಳತ್ತೆ ಅಂತ ನೋಡ್ತಾ ಇರಿ. ಒಂದೇ ಮಾತನ್ನ ಹೇಳೋ ಎರಡು ಫೋಟೋ ಅಕ್ಕಪಕ್ಕ ಕಂಡ್ರೆ ಒಂದು ತೆಗೀರಿ. ಎರಡು ದಿನ ಹಾಗೇ ಬಿಡಿ, ದಾಟಿ ಓಡಾಡ್ತಾ ಓಡಾಡ್ತಾ 12 ಉಳಿಯತ್ತೆ.

ಆ 12ರ ಒರಿಜಿನಲ್ ಫೈಲನ್ನ ವರ್ಷದ ಹೆಸರಲ್ಲಿ ಒಂದು ಫೋಲ್ಡರ್‌ಗೆ ಹಾಕಿ ಎರಡು ಕಡೆ ಇಡಿ. ಬೇಡದ್ದನ್ನ ಅಳಿಸೋ ಕೆಲಸ ಅದೇ ದಿನ ಬೇಡ. ತಪ್ಪಿ ಅಳಿಸಿದ್ರೆ ಐಫೋನಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದು 60 ದಿನ ಟ್ರ್ಯಾಶಲ್ಲಿ ಇರತ್ತೆ.

ಪ್ರಿಂಟಿನ ಹಿಂದೆ ಯಾರು, ಎಲ್ಲಿ, ಯಾವತ್ತು ಅಂತ ಬರೀರಿ. ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡತ್ತೆ, ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ತಗೊಳ್ಳಿ, ಒಣಗೋ ತನಕ ಒಂದರ ಮೇಲೊಂದು ಪೇರಿಸ್ಬೇಡಿ. ಅಪ್ಪನ ಫೋಟೋ ಹಿಂದೆ ನಾನು ತಾರೀಖು ಬರೆದೆ, ಕೆಳಗೆ 'ವಾಕಿಂಗ್ ಹೊರಟಿದ್ದು' ಅಂತ. ಅವರೇ ನೋಡಿ, ಲೇಸ್ ಇನ್ನೂ ಬದಲಾಯಿಸಿಲ್ಲ ಕಣೋ ಅಂದ್ರು.