ಕ್ಯಾಲ್ಸಿಯಂ ಸ್ಕೋರ್ ಏರಿದರೂ ನಾನು ಮಾತ್ರೆ ಬಿಡಲಿಲ್ಲ

ನಾಲ್ಕು ವರ್ಷದ ಹಿಂದೆ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 170ರ ಆಸುಪಾಸಿನಲ್ಲಿತ್ತು. ಮೇಲಿನ ಬಿಪಿ 150. ಹೃದಯದ ಸಿಟಿ ಸ್ಕ್ಯಾನ್‌ನಲ್ಲಿ ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳಗಳಲ್ಲಿ ಕೂತ ಕ್ಯಾಲ್ಸಿಯಂನ ಅಳತೆ) ನಲವತ್ತು ಚಿಲ್ಲರೆ. ಮೊನ್ನೆಯ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ 66, ಬಿಪಿ 120ರ ಹತ್ತಿರ. ‘ಇದೆಲ್ಲ ಆಗೋ ಮಾತಲ್ಲ’ ಎಂದವರು ಬಹಳ ಜನ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ದಂಡ. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ ಕ್ಯಾಪ್ಸೂಲ್ ಅಂತ ಸುರಿದ ದುಡ್ಡಿನಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಐದಾರು ವರ್ಷಕ್ಕಾಗುವಷ್ಟು ಬರುತ್ತಿತ್ತು. ರಕ್ತದಲ್ಲಿರುವ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಸ್ವಲ್ಪ ಇಳಿಯಿತು, ಎಲ್‌ಡಿಎಲ್ ಕದಲಲೇ ಇಲ್ಲ. ಆಮೇಲೆ ಸ್ಟಾಟಿನ್ ಶುರು ಮಾಡಿದೆ, 105ಕ್ಕೆ ಬಂತು. ವಾಸಿಯಾಯಿತು ಅಂದುಕೊಂಡು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಎರಡೇ ತಿಂಗಳಲ್ಲಿ ಮತ್ತೆ 160. ಆ ತಪ್ಪು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮತ್ತೆ ಶುರು ಮಾಡಿದಾಗ ಡೋಸ್ ಎರಡರಷ್ಟು. ಅದರಿಂದ ಎಲ್‌ಡಿಎಲ್ ಹೆಚ್ಚಿಗೆ ಇಳಿಯುವುದು ಶೇಕಡಾ 6ರಷ್ಟೇ ಅಲ್ವಾ? ನನಗೆ ತೊಡೆನೋವು ಮಾತ್ರ ಜಾಸ್ತಿಯಾಯಿತು. ಡಾಕ್ಟರು ಹಳೆಯ ಡೋಸಿಗೇ ಇಳಿಸಿ, ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಮಾತ್ರೆ ಸೇರಿಸಿದರು. 80ರ ಹತ್ತಿರ ಬಂದೆ. ಬೆಣ್ಣೆ ಬಿಟ್ಟು, ಓಟ್ಸ್, ಕಾಳು ಹೆಚ್ಚಿಸಿದ ಮೇಲೆ ಉಳಿದದ್ದೂ ಇಳಿಯಿತು. ಬಿಪಿಗೆ ಉಪ್ಪು ಕಡಿಮೆ, ದಿನಾ ನಲವತ್ತು ನಿಮಿಷ ನಡಿಗೆ, ಒಂದು ಮಾತ್ರೆ. ಸಿಗರೇಟು ಬಿಟ್ಟ ಉಪಾಯ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಮಗಳಿಗೂ ನನಗೂ ಇರುವ ಗುಟ್ಟು.

ನಡುವೆ ಕಾಫಿಯ ಮೇಲೂ ಒಂದು ಪ್ರಯೋಗ ಮಾಡಿದೆ. ಪುಡಿ ಕುದಿಸಿದ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಥ ಅಂಶ ಉಳಿಯುತ್ತದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ತಡೆಯುತ್ತದೆ. ಆರು ವಾರ ಕಾಗದದಲ್ಲೇ ಸೋಸಿ ಕುಡಿದೆ. ಏಳೆಂಟು ಅಂಕ ಇಳಿದ ನೆನಪು.

ಮೂರನೇ ವರ್ಷ ಆತುರಕ್ಕೆ ಬಿದ್ದು ಮತ್ತೆ ಸ್ಕೋರ್ ಮಾಡಿಸಿದೆ. ಅರವತ್ತು ದಾಟಿತ್ತು! ‘ನೋಡಿದ್ಯಾ, ಮಾತ್ರೆಯಿಂದ ಇನ್ನೂ ಗಟ್ಟಿಯಾಯ್ತು’ ಎಂದರು ಸ್ನೇಹಿತರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು: ಒಡೆದು ಹೃದಯಾಘಾತ ತರುವ ಭಯ ಹೆಚ್ಚಿರುವುದು ರಕ್ತನಾಳದ ಗೋಡೆಯಲ್ಲಿ ಕೂತ ಮೆತ್ತಗಿನ ಕೊಬ್ಬಿನ ಗಡ್ಡೆಗೆ. ಸ್ಟಾಟಿನ್ ತೆಗೆದುಕೊಂಡಾಗ ಅದರಲ್ಲಿ ಕ್ಯಾಲ್ಸಿಯಂ ಕೂತು ಬಿಗಿಯಾಗುತ್ತದೆ, ಸ್ಕೋರ್ ಏರುತ್ತದೆ. ಸ್ಟಾಟಿನ್‌ನಲ್ಲಿರುವವರು ಆ ಸ್ಕ್ಯಾನನ್ನು ಮತ್ತೆ ಮತ್ತೆ ಮಾಡಿಸುವುದು ಸುಮ್ನೆ ದುಡ್ಡು ದಂಡ. ಕುತ್ತಿಗೆಯ ರಕ್ತನಾಳದ ಅಲ್ಟ್ರಾಸೌಂಡ್ ಎರಡು ಸಲ ಆಗಿದೆ. ಎಡಗಡೆಯ ಗಡ್ಡೆ ಎರಡು ವರ್ಷದ ಹಿಂದೆ ಎಷ್ಟಿತ್ತೋ ಅಷ್ಟೇ ಇದೆ.